ಪೊರೆ ಬಿಡುವಾಗ ಬಿದ್ದು ಕಾಲು ಸೊಟ್ಟಗಾದ ಮ್ಯಾಂಟಿಸ್: ಪ್ರತಿಕ್ರಿಯೆ

ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಕಿರುವ ನಿಮ್ಮ ಮ್ಯಾಂಟಿಸ್ (ಮುಂಗಾಲು ಮಡಚಿಕೊಂಡು ಬೇಟೆಗೆ ಕಾಯುವ ಕೀಟ) ಪೊರೆ ಬಿಡುವಾಗ ಬಿದ್ದು ಕಾಲು ಸೊಟ್ಟಗಾಗಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಕಾರಣ ಬಹುಶಃ ಆ ಡಬ್ಬಿಯ ಮುಚ್ಚಳವೇ. ಮ್ಯಾಂಟಿಸ್ ತಲೆಕೆಳಗಾಗಿ ನೇತಾಡಿಕೊಂಡೇ ಪೊರೆ ಕಳಚುವುದು. ನುಣುಪು ಮುಚ್ಚಳದಲ್ಲಿ ಹಿಡಿತ ಸಿಗುವುದು ಕಷ್ಟ. ಗಾಳಿ ತೀರಾ ಒಣಗಿದ್ದರೂ ಪೊರೆ ಅಂಟಿಕೊಳ್ಳುತ್ತದೆ. ಫೋಟೊ ಇಲ್ಲದೆ ಯಾವುದೆಂದು ಖಚಿತವಾಗಿ ಹೇಳಲಾರೆ, ಎರಡನ್ನೂ ಸರಿಮಾಡಿ.

ಮೊದಲು ಮುಚ್ಚಳದ ಒಳಬದಿಗೆ ಸೊಳ್ಳೆಪರದೆಯ ತುಂಡು ಅಂಟಿಸಿ. ಡಬ್ಬಿಯ ಎತ್ತರ ಮ್ಯಾಂಟಿಸ್‌ನ ಉದ್ದದ ಮೂರು ಪಟ್ಟಾದರೂ ಇರಲಿ. ದಿನಕ್ಕೊಮ್ಮೆ ಒಂದು ಬದಿಗೆ ನೀರು ಸಿಂಪಡಿಸಿ. ಸಂಜೆಯೊಳಗೆ ಒಣಗಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಮುಂದಿನ ಸಲ ಪೊರೆ ಬಿಡುವ ಮುನ್ನ ಅದು ತಿನ್ನುವುದು ಬಿಟ್ಟ ಕೂಡಲೇ, ಆಹಾರಕ್ಕೆಂದು ಹಾಕಿದ ಕ್ರಿಕೆಟ್ ಹುಳಗಳನ್ನು ಹೊರತೆಗೆಯಿರಿ. ಪೊರೆ ಬಿಟ್ಟು ಮೈ ಮೆತ್ತಗಿರುವ ಮ್ಯಾಂಟಿಸನ್ನು ಅವೇ ಕಡಿದುಬಿಡುತ್ತವೆ, ಬೇಟೆಗಾರನೇ ಬೇಟೆ!

ಸೊಟ್ಟ ಕಾಲನ್ನು ಕೈಯಿಂದ ನೆಟ್ಟಗೆ ಮಾಡಲು ಹೋಗಬೇಡಿ. ರೆಕ್ಕೆ ಪೂರ್ತಿ ಬಂದಿಲ್ಲದಿದ್ದರೆ ಅದು ಸಾಮಾನ್ಯವಾಗಿ ಇನ್ನೂ ಮರಿ, ಮುಂದಿನ ಪೊರೆಗಳಲ್ಲಿ ಸುಧಾರಿಸಬಹುದು. ರೆಕ್ಕೆ ಬಂದಿದ್ದರೆ ಇನ್ನು ಪೊರೆ ಬಿಡುವುದಿಲ್ಲ, ಕಾಲು ಹಾಗೇ ಉಳಿಯುತ್ತದೆ. ಒಂದು ದಿನ ಮುಟ್ಟದೆ ಬಿಟ್ಟು, ಆಮೇಲೆ ತಲೆ ಜಜ್ಜಿದ ಹುಳವನ್ನು ಚಿಮಟದಲ್ಲಿ ಬಾಯಿಯ ಹತ್ತಿರ ಹಿಡಿಯಿರಿ.

ಅದನ್ನು ಗೆಕ್ಕೊಗೆ (ಸಾಕುವ ಒಂದು ಬಗೆಯ ಹಲ್ಲಿಗೆ) ತಿನ್ನಲು ಹಾಕಲೇ ಎಂದೂ ಕೇಳಿದ್ದೀರಿ. ದೊಡ್ಡದಾಗಿದ್ದರೆ ಬೇಡ, ಮುಂಗಾಲಿನ ಮುಳ್ಳು ಚುಚ್ಚುತ್ತದೆ. ಆಗಷ್ಟೇ ಮೊಟ್ಟೆಯೊಡೆದು ಬಂದ ಮ್ಯಾಂಟಿಸ್ ಮರಿಗಳು ಹೆಚ್ಚಾದಾಗ ಅವನ್ನು ಹಾಕಿ.