ಎರಡರ ಅರವತ್ತೇಳನೇ ಘಾತ: ನಿಮ್ಮ ಲೇಖನ ಓದಿದ ಮೇಲೆ

ನಮಸ್ಕಾರ ಮಾಸ್ತರೇ,

ಜಮಖಂಡಿಯಿಂದ ನೀವು ಕಳಿಸಿದ ಲೇಖನ ಓದಿದೆ. 2ರ 67ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆಯ ಬಗ್ಗೆ ಬರೆದಿದ್ದೀರಿ: 14,75,73,95,25,89,67,64,12,927. ವಿಷಯ ನನಗೆ ತುಂಬಾ ಹಿಡಿಸಿತು. ಆದರೆ ಲೇಖನ ಈಗಿರುವ ಹಾಗೆ ಅಚ್ಚಿಗೆ ಕಳಿಸಲು ಆಗುವುದಿಲ್ಲ. ಯಾಕೆ ಅಂತ ಬಿಚ್ಚಿ ಹೇಳುತ್ತೇನೆ.

ಮೊದಲ ಎರಡು ಪುಟದ ತುಂಬ ‘ಅದ್ಭುತ’, ‘ಊಹೆಗೂ ನಿಲುಕದ’ ಅನ್ನುವ ಮಾತುಗಳೇ ಇವೆ. ಅಂಕಿಗಳ ಮೊತ್ತ ಎಷ್ಟು, ಬೆಸ ಅಂಕಿ ಎಷ್ಟು ಅಂತ ಲೆಕ್ಕ ಕೊಟ್ಟಿದ್ದೀರಿ. ಅಂಥ ಲೆಕ್ಕ ಯಾವ ಸಂಖ್ಯೆಗಾದರೂ ಕೊಡಬಹುದು, ಅಲ್ವಾ? ‘ಜಗತ್ತಿನ ಅತಿ ದೊಡ್ಡ ಸಂಯುಕ್ತ ಸಂಖ್ಯೆ’ (ಸಂಯುಕ್ತ ಅಂದರೆ ಚಿಕ್ಕ ಸಂಖ್ಯೆಗಳ ಗುಣಾಕಾರವಾಗಿ ಒಡೆಯುವಂಥದ್ದು) ಅಂದಿರುವುದಂತೂ ತಪ್ಪು. ಅದನ್ನೇ 2ರಿಂದ ಗುಣಿಸಿ, ಇನ್ನೂ ದೊಡ್ಡದು ಸಿಗುತ್ತದೆ. ಭಾಸ್ಕರಾಚಾರ್ಯರ ಪ್ಯಾರಾ ತೆಗೆದುಬಿಡಿ. ಅವರು ನಮ್ಮ ವಿಜಯಪುರದವರು ಅನ್ನುವ ಮಾತು ನಮಗೆಲ್ಲ ಪ್ರೀತಿಯದು. ಆದರೆ ಅವರ ಊರು ಯಾವುದೆಂದು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಈ ಸಂಖ್ಯೆಗೂ ಅವರಿಗೂ ಸಂಬಂಧವೂ ಇಲ್ಲ.

ನಿಮ್ಮ ಲೇಖನದ ಜೀವ ಇರುವುದು ಮೂರನೇ ಪುಟದಲ್ಲಿ. 1644ರಲ್ಲಿ ಫ್ರಾನ್ಸಿನ ಗಣಿತಜ್ಞ ಮರ್ಸೆನ್ ಇದನ್ನು ಅವಿಭಾಜ್ಯ, ಅಂದರೆ ಒಡೆಯದ ಸಂಖ್ಯೆ ಅಂದರು, 1876ರಲ್ಲಿ ಫ್ರಾನ್ಸಿನವರೇ ಆದ ಲೂಕಾ ಅದು ಅವಿಭಾಜ್ಯ ಅಲ್ಲ ಅಂತ ತೋರಿಸಿದರು, 1903ರಲ್ಲಿ ಅಮೆರಿಕದ ಕೋಲ್ ಅದರ ಅಪವರ್ತನ, ಅಂದರೆ ಅದನ್ನು ಒಡೆಯುವ ಸಂಖ್ಯೆಗಳನ್ನು ಕಂಡುಹಿಡಿದರು. ಇಷ್ಟು ಬರೆದು ಮುಂದೆ ಓಡಿದ್ದೀರಿ. ನಾನು ಅಲ್ಲೇ ನಿಂತೆ. ಲೂಕಾ ಮತ್ತು ಕೋಲ್ ನಡುವೆ 27 ವರ್ಷ ಇದೆ. ಅಷ್ಟು ವರ್ಷ ಈ ಸಂಖ್ಯೆ ಒಡೆಯುತ್ತದೆ ಅನ್ನುವುದು ಖಾತ್ರಿ ಇತ್ತು, ಯಾವುದರಿಂದ ಒಡೆಯುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ. ಅದು ಹೇಗೆ ಸಾಧ್ಯ? ಓದುಗರು ಕೇಳುವುದು ಇದನ್ನೇ.

ಸಣ್ಣ ಸಂಖ್ಯೆ ಹಿಡಿದು ತೋರಿಸಿ. ಲೂಕಾ ಅವರ ವಿಧಾನವನ್ನು ಅಮೆರಿಕದ ಗಣಿತಜ್ಞ ಲೆಹ್ಮರ್ ಮುಂದೆ ಸರಳ ಮಾಡಿದರು. 4ರಿಂದ ಶುರು ಮಾಡಬೇಕು. ವರ್ಗ ಮಾಡಿ, 2 ಕಳೆದು, ನಾವು ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು. ಶೇಷಕ್ಕೆ ಮತ್ತೆ ಅದನ್ನೇ ಮಾಡಬೇಕು. 2ರ ಘಾತ ಎಷ್ಟಿದೆಯೋ ಅದಕ್ಕಿಂತ ಎರಡು ಕಡಿಮೆ ಸಲ. 127 ಅಂದರೆ 2ರ 7ನೇ ಘಾತದಿಂದ 1 ಕಳೆದದ್ದು, ಐದು ಸಲ ಸಾಕು: 4, 14, 67, 42, 111, 0. ಸೊನ್ನೆ ಬಂತು, 127 ಅವಿಭಾಜ್ಯ. ಈಗ 11ನೇ ಘಾತದ 2047 ತಗೊಳ್ಳಿ. ಒಂಬತ್ತು ಸಲ ಮಾಡಿದ ಮೇಲೆ 1736 ಉಳಿಯುತ್ತದೆ. ಸೊನ್ನೆ ಅಲ್ಲ, ಹಾಗಾಗಿ ಸಂಯುಕ್ತ. ಇಷ್ಟೆಲ್ಲ ಮಾಡಿದರೂ 23 ಆಗಲಿ 89 ಆಗಲಿ ಎಲ್ಲೂ ಮುಖ ತೋರಿಸಲಿಲ್ಲ ನೋಡಿ. ಅವೆರಡನ್ನು ಗುಣಿಸಿದರೆ 2047 ಅನ್ನುವುದು ಬೇರೆಯದೇ ದುಡಿಮೆ. ನಿಮ್ಮ ಎಂಟನೇ ಇಯತ್ತೆಯ ಮಕ್ಕಳು ಇದನ್ನು ಪಾಟಿಯ ಮೇಲೇ ಮಾಡಬಲ್ಲರು.

ಆ ದುಡಿಮೆ ಎಷ್ಟು ಅಂತಲೂ ಬರೆಯಿರಿ. ಇಂಥ ಸಂಖ್ಯೆಯನ್ನು ಒಡೆಯುವ ಅವಿಭಾಜ್ಯದಿಂದ 1 ಕಳೆದರೆ, ಉಳಿದದ್ದು ಘಾತದ ಎರಡರಷ್ಟರಿಂದ ಭಾಗವಾಗುತ್ತದೆ. 2047ರ ಘಾತ 11, ಅದರ ಎರಡರಷ್ಟು 22; 23 ಮತ್ತು 89ರಿಂದ 1 ಕಳೆದರೆ ಬರುವ 22, 88 ಎರಡೂ 22ರಿಂದ ಭಾಗವಾಗುತ್ತವೆ. 67ಕ್ಕೆ ಅದು 134. ಕೋಲ್ ಅವರಿಗೆ ಸಿಕ್ಕ ಅಪವರ್ತನಗಳು 19,37,07,721 ಮತ್ತು 7,61,83,82,57,287. ಚಿಕ್ಕದರಿಂದ 1 ಕಳೆದು 134ರಿಂದ ಭಾಗಿಸಿದರೆ 14,45,580 ಬರುತ್ತದೆ. ಸುಮ್ನೆ ಒಂದೊಂದಾಗಿ ನೋಡುತ್ತ ಹೋದರೆ ಅದರ ಸರದಿ ಅಷ್ಟು ದೂರ. ಕೋಲ್ ವರ್ಗಶೇಷಗಳ (ವರ್ಗಸಂಖ್ಯೆಗಳನ್ನು ಭಾಗಿಸಿದಾಗ ಉಳಿಯುವ ಶೇಷಗಳ) ಸಹಾಯದಿಂದ ಬೇಡದ್ದನ್ನು ಸೋಸಿ ತೆಗೆದರು, ಎಲ್ಲ ಕೈಲೆಕ್ಕದಲ್ಲೇ.

ಕೋಲ್ ಗಣಿತಜ್ಞರ ಸಭೆಯಲ್ಲಿ ಒಂದು ಮಾತೂ ಆಡದೆ ಹಲಗೆಯ ಮೇಲೆ ಗುಣಾಕಾರ ಮಾಡಿ ಕೂತರು ಅನ್ನುವ ಕಥೆ ಇರಲಿ. ಆದರೆ ಅದು ಗಣಿತದ ಕಥೆ ಬರೆಯುತ್ತಿದ್ದ ಇ.ಟಿ. ಬೆಲ್ ಎಷ್ಟೋ ವರ್ಷದ ಮೇಲೆ ಹೇಳಿ ಹಬ್ಬಿದ್ದು. ‘ಅಂತ ಹೇಳುತ್ತಾರೆ’ ಅಂತ ಸೇರಿಸಿ.

ಕೊನೆಯ ಉಪದೇಶದ ಪ್ಯಾರಾ ಬೇಡ. ಅಲ್ಲಿ 2ರ 1277ನೇ ಘಾತದಿಂದ 1 ಕಳೆದ ಸಂಖ್ಯೆ ತನ್ನಿ. ಅದಕ್ಕೆ 385 ಅಂಕಿ. ಸಂಯುಕ್ತ ಅಂತ ಗೊತ್ತು, ಈ ತನಕ ಒಂದು ಅಪವರ್ತನವೂ ಸಿಕ್ಕಿಲ್ಲ.

ಮೂರು ಪುಟ ಮೀರಬೇಡಿ. 2047ರ ಒಂಬತ್ತೂ ಶೇಷಗಳನ್ನು ಬಿಡದೆ ಬರೆಯಿರಿ, ಅಚ್ಚಿಗೆ ಹೋಗುವ ಮುಂಚೆ ನಾನೂ ಕೂತು ತಾಳೆ ನೋಡುತ್ತೇನೆ.

ನಿಮ್ಮ
ಸಂಪಾದಕ, ಬೆಳಗಾವಿ