70-300ಕ್ಕೆ ಟೆಲಿಕನ್ವರ್ಟರ್ ಹಾಕೋದಾ, 150-600 ತಗೊಳ್ಳೋದಾ?

ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಡಿಎಸ್ಎಲ್ಆರ್ ಕ್ಯಾಮೆರಾಗೆ 70-300 ಎಂಎಂ ಲೆನ್ಸ್ ಹಾಕಿದರೆ ಹಕ್ಕಿ ಚಿಕ್ಕದಾಗಿ ಬರ್ತಿದೆ, 1.4ಎಕ್ಸ್ ಟೆಲಿಕನ್ವರ್ಟರ್ (ಲೆನ್ಸ್‌ಗೂ ಕ್ಯಾಮೆರಾಗೂ ನಡುವೆ ಕೂರಿಸಿ ಚಿತ್ರವನ್ನು 1.4 ಪಟ್ಟು ಹಿಗ್ಗಿಸೋ ಬಿಡಿಭಾಗ) ಸಾಕಾ, 150-600 ಲೆನ್ಸ್ ಬೇಕಾ ಅಂತ ಕೇಳಿದ್ದೀರಿ. ಟೆಲಿಕನ್ವರ್ಟರ್ ಬೇಡ. ಅದು ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು ತಿನ್ನುತ್ತೆ, 300ರಲ್ಲಿ ಎಫ್/5.6 ಇರೋ ಅಪರ್ಚರ್ (ಬೆಳಕು ಬರೋ ಕಿಂಡಿ) ಎಫ್/8 ಆಗುತ್ತೆ. ಬಹಳಷ್ಟು ಡಿಎಸ್ಎಲ್ಆರ್‌ಗಳಲ್ಲಿ ಆಗ ಆಟೊಫೋಕಸ್ ತಡಕಾಡುತ್ತೆ, ಇಲ್ಲಾ ನಿಂತೇಹೋಗುತ್ತೆ. ಅನೇಕ 70-300 ಲೆನ್ಸ್‌ಗಳಿಗೆ ಕನ್ವರ್ಟರ್ ಕೂರೋದೂ ಇಲ್ಲ.

150-600 ತಗೊಳ್ಳಿ. 600ರಲ್ಲಿ ಹಕ್ಕಿ ಉದ್ದಗಲ ಎರಡರಲ್ಲೂ ದುಪ್ಪಟ್ಟಾಗುತ್ತೆ, ಅಂದರೆ ಅದಕ್ಕೆ ಸಿಗೋ ಪಿಕ್ಸೆಲ್ ನಾಲ್ಕು ಪಟ್ಟು. ಕತ್ತಿನ ಗರಿ ಎಳೆಎಳೆಯಾಗಿ ಕಾಣೋದು ಇದರಿಂದಲೇ. ತೂಕ ಮಾತ್ರ ಸುಮಾರು 2 ಕೆಜಿ. ಕೊಳ್ಳೋ ಮುಂಚೆ ಒಂದು ದಿನ ಬಾಡಿಗೆಗೆ ತಂದು, ಹತ್ತು ನಿಮಿಷ ಕಣ್ಣಿಗೆ ಹಿಡಿದು ನೋಡಿ. ಬರೀ ಹಾರೋ ಹಕ್ಕಿಗಳೇ ಗುರಿಯಾದರೆ 400 ಎಫ್/5.6 ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಹಗುರ.

ಆಮೇಲೂ ಫೋಟೊ ಮಸುಕಾದರೆ ತಕ್ಷಣ ಲೆನ್ಸನ್ನು ದೂರಬೇಡಿ. ಸ್ಟೆಬಿಲೈಸೇಷನ್ ಕೈನಡುಕ ತಡೆಯುತ್ತೆ, ರೆಕ್ಕೆಬಡಿತವನ್ನಲ್ಲ. ಶಟರ್ ವೇಗ ಹಾರೋದಕ್ಕೆ 1/2000 ಸೆಕೆಂಡ್, ಕೂತಿದ್ದಕ್ಕೆ 1/800 ಇಟ್ಟುಕೊಳ್ಳಿ, ಬೆಳಕು ಸಾಲದಿದ್ದರೆ ಐಎಸ್ಒ (ಚಿತ್ರವನ್ನು ಬೆಳಗಿಸೋ ಸೆಟ್ಟಿಂಗ್) ಏರಿಸಿ. ಅದರಿಂದ ಬರೋ ನಾಯ್ಸ್ (ಕಾಳುಕಾಳಾದ ಚುಕ್ಕೆ) ಆಮೇಲೆ ತಗ್ಗಿಸಬಹುದು, ಅಲುಗಿದ ಕಣ್ಣನ್ನು ಸರಿಮಾಡಕ್ಕಾಗಲ್ಲ. ಬೆಳಕಿದ್ದರೆ 600ರಲ್ಲಿ ಎಫ್/8 ಇಡಿ, ಅಂಚು ಚೂಪಾಗುತ್ತೆ.

ಮಧ್ಯಾಹ್ನ ಕಾದ ನೆಲದ ಮೇಲಿಂದ ದೂರದ ಹಕ್ಕಿ ತೆಗೆದರೆ ಗರಿಯೆಲ್ಲ ನೀರಲ್ಲಿ ಕದಡಿದ ಹಾಗೆ ಬರುತ್ತೆ. ಅದು ಬಿಸಿಗಾಳಿಯ ಅಲುಗಾಟ, ಯಾವ ಲೆನ್ಸ್ ಹಾಕಿದರೂ ಹೋಗಲ್ಲ. ಬೆಳಿಗ್ಗೆ ಬೇಗ ಹೋಗಿ. ಲೆನ್ಸ್ ಮೇಲಿನ ಫೋಕಸ್ ಲಿಮಿಟರ್ ಸ್ವಿಚ್ಚನ್ನು ದೂರದ ಕಡೆಗೆ ತಳ್ಳಿಟ್ಟರೆ, ಎದುರಿನ ರೆಂಬೆಗೆ ಫೋಕಸ್ ಜಾರಿ ಹಕ್ಕಿ ಕೈತಪ್ಪೋದು ಕಡಿಮೆಯಾಗುತ್ತೆ.