ಮನೆಯಿಂದ ಕಾಫಿ ಪುಡಿ ಮಾರುವವರಿಗೆ ಆಟೋ ರಿಪ್ಲೈ ಇಮೇಲ್‌ನಿಂದ ಲಾಭ ಇದೆಯಾ?

ನೀವು ಕೇಳಿದ್ದು ಇಷ್ಟು: ವಿರಾಜಪೇಟೆ ಹತ್ತಿರದ ಮನೆಯಿಂದ ಕಾಫಿ ಪುಡಿ, ಕರಿಮೆಣಸು, ಜೇನು, ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಆನ್‌ಲೈನ್‌ನಲ್ಲಿ ಮಾರುತ್ತೀರಿ. ಬಂದ ಮೇಲ್‌ಗೆ ತಾನಾಗಿ ಉತ್ತರ ಹೋಗುವ ಹಾಗೆ ಮಾಡಿದರೆ ವ್ಯಾಪಾರ ಹೆಚ್ಚುತ್ತಾ, ಇಲ್ಲ ಗಿರಾಕಿಗಳಿಗೆ ಕಿರಿಕಿರಿ ಆಗುತ್ತಾ? ನಾನು ಸೋಮವಾರಪೇಟೆ ಕಡೆಯವನು, ನನ್ನದೂ ಇದೇ ಬಗೆಯ ವ್ಯಾಪಾರ.

ಹೆಚ್ಚುತ್ತೆ. ಆದರೆ ಆಟೋ ರಿಪ್ಲೈ ಹೊಸ ಗಿರಾಕಿಯನ್ನು ಹುಡುಕಿ ತರಲ್ಲ. ಬಂದು ಕೇಳಿದವರು ಬೇರೆ ಅಂಗಡಿಗೆ ಹೋಗದ ಹಾಗೆ ಹಿಡಿದಿಡುತ್ತೆ, ಒಮ್ಮೆ ಕೊಂಡವರಿಗೆ ಸರಿಯಾದ ಹೊತ್ತಿಗೆ ನೆನಪು ಮಾಡುತ್ತೆ. ಈ ಎರಡು ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ.

ನಮ್ಮ ಕೊಡಗಿನಲ್ಲಿ ಇದರ ಅಗತ್ಯ ಜಾಸ್ತಿನೇ. ಜೂನ್, ಜುಲೈ ಅಂದರೆ ನಿಮಗೆ ಹೇಳಬೇಕಾ? ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಹೋಯ್ತು, ಅದರ ಹಿಂದೆಯೇ ಟವರೂ ಮಲಗುತ್ತೆ. ಆಗ ಪುಣೆಯಿಂದ ಯಾರೋ 'ಅರ್ಧ ಕೆಜಿಗೆ ಎಷ್ಟು?' ಅಂತ ಬರೆದರೆ ಉತ್ತರ ಕೊಡೋರು ಯಾರು? ಆಟೋ ರಿಪ್ಲೈ ಇರೋದು ಮೇಲ್ ಕಂಪನಿಯ ಸರ್ವರ್‌ನಲ್ಲಿ. ನಿಮ್ಮ ಮನೆ ಕತ್ತಲಲ್ಲಿದ್ದರೂ ಅದು ಹೋಗುತ್ತೆ. ಕೊಯ್ಲಿನ ಕಾಲದಲ್ಲೂ ಅಷ್ಟೇ. ನವೆಂಬರ್‌ನಿಂದ ಅರೇಬಿಕಾ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಕಣದಲ್ಲಿ ಕಾಫಿ ಹರವಿ ಮೋಡ ನೋಡುತ್ತಾ ನಿಂತವರಿಗೆ ಇನ್‌ಬಾಕ್ಸ್ ನೋಡುವ ಪುರಸೊತ್ತು ಎಲ್ಲಿ?

ಏನು ಬರೆಯಬೇಕು ಅನ್ನೋದೇ ಮುಖ್ಯ. 'ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು, ಶೀಘ್ರದಲ್ಲೇ ಉತ್ತರಿಸುತ್ತೇವೆ' ಅಂತ ಬ್ಯಾಂಕಿನವರ ಹಾಗೆ ಬರೆದರೆ ಓದುವವರಿಗೆ ಏನೂ ಸಿಗಲ್ಲ. ನನ್ನದು ಹೆಚ್ಚೂಕಡಿಮೆ ಹೀಗಿದೆ:

'ನಮಸ್ಕಾರ, ನಿಮ್ಮ ಮೇಲ್ ಸಿಕ್ಕಿದೆ. ಇದು ತಾನಾಗಿ ಹೋಗುವ ಉತ್ತರ. ನಾಳೆ ಸಂಜೆಯೊಳಗೆ ನಾನೇ ಓದಿ ಬರೆಯುತ್ತೇನೆ. ಪುಡಿಯಲ್ಲಿ ಎರಡು ಬಗೆ ಇದೆ: ಚಿಕೋರಿ ಇಲ್ಲದ್ದು, ನೂರಕ್ಕೆ 20 ಪಾಲು ಚಿಕೋರಿ ಬೆರೆಸಿದ್ದು. ಇವತ್ತಿನ ದರ, ಕೊರಿಯರ್ ಖರ್ಚು ಕೆಳಗಿನ ಲಿಂಕ್‌ನಲ್ಲಿದೆ. ನೀವು ಬಳಸುವುದು ಫಿಲ್ಟರ್ರಾ, ಫ್ರೆಂಚ್ ಪ್ರೆಸ್ಸಾ? ತಿಳಿಸಿದರೆ ಅದಕ್ಕೆ ತಕ್ಕ ಹಾಗೆ ಬೀಸಿ ಕಳಿಸುತ್ತೇನೆ.'

ಆ ಕೊನೆಯ ಪ್ರಶ್ನೆ ಸುಮ್ನೆ ಹಾಕಿದ್ದಲ್ಲ. ಫಿಲ್ಟರ್‌ಗೆ ಸಣ್ಣಗೆ ಬೀಸಬೇಕು, ಫ್ರೆಂಚ್ ಪ್ರೆಸ್‌ಗೆ ತರಿತರಿಯಾಗಿ, ಹಾಗಾಗಿ ನನಗೆ ಅದು ಬೇಕಾದ ಮಾಹಿತಿ. ಜೊತೆಗೆ, ಒಂದು ಸಾಲು ಉತ್ತರ ಬರೆದವರು ಅರ್ಧ ಗಿರಾಕಿ ಆದ ಹಾಗೆ. ನಿಮ್ಮ ಮುಂದಿನ ಮೇಲ್ ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆಯೂ ಕಡಿಮೆ. ಅದಕ್ಕೇ 'ನೋ ರಿಪ್ಲೈ' ಅನ್ನುವ ಐಡಿಯಿಂದ ಯಾವತ್ತೂ ಕಳಿಸಬೇಡಿ. ಮಳೆಗಾಲ ಶುರುವಾದ ಕೂಡಲೇ 'ನಾಳೆ ಸಂಜೆ' ಅನ್ನೋದನ್ನು 'ಎರಡು ಮೂರು ದಿನದಲ್ಲಿ' ಅಂತ ತಿದ್ದಿ. ರಸ್ತೆ ಮೇಲೆ ಮಣ್ಣು ಜರಿದರೆ ಕೊರಿಯರ್ ತಡ ಆಗುತ್ತೆ ಅಂತಲೂ ಸೇರಿಸಿ. ಮೊದಲೇ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಶುರುವಿಗೆ ಜಿಮೇಲ್ ಸಾಕು. ಸೆಟ್ಟಿಂಗ್ಸ್‌ನಲ್ಲಿ ವೆಕೇಶನ್ ರೆಸ್ಪಾಂಡರ್ ಇದೆ, ತಾನಾಗಿ ಉತ್ತರ ಕಳಿಸೋದು ಅದೇ. 'ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆ ಮಾತ್ರ' ಅನ್ನೋ ಗುರುತು ತೆಗೆದಿರಲಿ, ಯಾಕಂದರೆ ಹೊಸಬರು ಕಾಂಟ್ಯಾಕ್ಟ್‌ನಲ್ಲಿ ಇರಲ್ಲ ಅಲ್ವಾ. ಇನ್ನೊಂದು ಐಡಿಯಿಂದ ನಿಮಗೇ ಮೇಲ್ ಹಾಕಿ ಪರೀಕ್ಷೆ ಮಾಡಿ. ಒಂದು ಸಲ ಉತ್ತರ ಹೋದ ಐಡಿಗೆ ನಾಲ್ಕು ದಿನದ ಮಟ್ಟಿಗೆ ಮತ್ತೆ ಹೋಗಲ್ಲ, ಕೆಟ್ಟುಹೋಗಿದೆ ಅಂದುಕೊಳ್ಳಬೇಡಿ. ಅದು ಬೇಕೇ ಬೇಕಾದ ತಡೆ. ಇಲ್ಲದಿದ್ದರೆ ಎರಡು ಕಡೆಯ ಆಟೋ ರಿಪ್ಲೈಗಳು ರಾತ್ರಿಯಿಡೀ ಒಂದಕ್ಕೊಂದು ಧನ್ಯವಾದ ಹೇಳ್ತಾ ಕೂತಿರುತ್ತವೆ. ಇನ್ನೂ ಬೇಕಾದರೆ ಟೆಂಪ್ಲೇಟ್ (ಮೊದಲೇ ಬರೆದಿಟ್ಟ ಉತ್ತರ) ಮಾಡಿ, ಮೇಲ್‌ನಲ್ಲಿರುವ ಪದ ನೋಡಿ ವಿಂಗಡಿಸುವ ಜಿಮೇಲ್ ಫಿಲ್ಟರ್‌ಗೆ ಜೋಡಿಸಿ. ಕಾಚಂಪುಳಿ ಅಂತ ಬರೆದವರಿಗೆ ಅದರ ಉತ್ತರ, ಜೇನು ಅಂತ ಬರೆದವರಿಗೆ ಬೇರೆ.

ಈಗ ನೆನಪು ಮಾಡುವ ಮೇಲ್. ದುಡ್ಡು ನಿಜವಾಗಿ ಇರುವುದು ಇಲ್ಲಿ. 'ಏಳು ದಿನ ಏಳು ಮೇಲ್' ಅಂತ ಕಲಿಸುವ ಗುರುಗಳು ಬೇಕಾದಷ್ಟು ಜನ ಇದ್ದಾರೆ, ಕಾಫಿ ಪುಡಿಗೆ ಅದೆಲ್ಲ ಅತಿ. ಪುಡಿ ಯಾವಾಗ ಖಾಲಿಯಾಗುತ್ತೆ ಅಂತ ಲೆಕ್ಕ ಹಾಕಿ. ಕಪ್‌ಗೆ ಹತ್ತು ಗ್ರಾಂ ಅಂತ ಹಿಡಿಯಿರಿ. ಇಬ್ಬರು ದಿನಕ್ಕೆ ಎರಡು ಸಲ ಕುಡಿದರೆ 40 ಗ್ರಾಂ. ಅರ್ಧ ಕೆಜಿ ಹನ್ನೆರಡು ದಿನಕ್ಕೆ ಮುಗಿಯಿತು. ಕೊರಿಯರ್‌ಗೆ ಮೂರು ದಿನ ಬೇಕಾದರೆ, ಪುಡಿ ಕೈಸೇರಿದ ಎಂಟನೇ ದಿನಕ್ಕೆ ನಿಮ್ಮ ಮೇಲ್ ಅಲ್ಲಿರಬೇಕು. ಹದಿನೈದನೇ ದಿನ ಕಳಿಸಿದರೆ ಅವರು ಆಗಲೇ ಪಕ್ಕದ ಅಂಗಡಿಯ ಪ್ಯಾಕೆಟ್ ಒಡೆದಿರುತ್ತಾರೆ. ಎರಡನೇ ಆರ್ಡರ್ ಬಂದ ಮೇಲೆ ಆ ಮನೆಯ ನಿಜವಾದ ಅಂತರ ಗೊತ್ತಾಗುತ್ತೆ, ಆಮೇಲೆ ಅದನ್ನೇ ಹಿಡಿಯಿರಿ. ಕರಿಮೆಣಸಿಗೆ ಈ ಲೆಕ್ಕ ನಡೆಯಲ್ಲ, ಕಾಲು ಕೆಜಿ ತಿಂಗಳುಗಟ್ಟಲೆ ಬರುತ್ತೆ.

ಇದಕ್ಕೂ ಸಾಫ್ಟ್‌ವೇರ್ ಬೇಕಿಲ್ಲ. ಪಾರ್ಸೆಲ್ ಕಳಿಸಿದ ದಿನವೇ ಮೇಲ್ ಬರೆದು ಜಿಮೇಲ್‌ನಲ್ಲಿ ದಿನಾಂಕ ಹಾಕಿ ಶೆಡ್ಯೂಲ್ ಮಾಡಿ. ಒಟ್ಟಿಗೆ 100ರವರೆಗೆ ಇಟ್ಟುಕೊಳ್ಳಬಹುದು. ಅಷ್ಟರೊಳಗೆ ಅವರೇ ಆರ್ಡರ್ ಮಾಡಿದರೆ ಮಾತ್ರ ನೆನಪಿಟ್ಟು ಅದನ್ನು ರದ್ದು ಮಾಡಿ. ನಿನ್ನೆ ದುಡ್ಡು ಕಟ್ಟಿದವರಿಗೆ ಇವತ್ತು 'ಪುಡಿ ಮುಗಿಯಿತಾ?' ಅಂತ ಕೇಳೋದಕ್ಕಿಂತ ಮುಜುಗರ ಬೇರೆ ಇಲ್ಲ.

ಸ್ಟಾಕ್ ಇಲ್ಲದಾಗಲೂ ಆಟೋ ರಿಪ್ಲೈ ದುಡಿಯುತ್ತೆ. ಕಾಚಂಪುಳಿ ಇಳಿಸೋದು ಮಳೆಗಾಲದಲ್ಲಿ, ಪಂದಿಕರಿಗೆ (ಕೊಡಗಿನ ಹಂದಿಮಾಂಸದ ಸಾರು) ಅಂತ ಹೊರಗಿನವರು ಕೇಳೋದು ವರ್ಷವಿಡೀ. 'ಈಗ ಖಾಲಿ, ಹೊಸದು ಬಂದಾಗ ತಿಳಿಸಬೇಕಾದರೆ ಹೂಂ ಅಂತ ಬರೆಯಿರಿ' ಅಂತ ಹಾಕಿ. ಹಾಗೆ ಬರೆದವರ ಪಟ್ಟಿಗಿಂತ ಒಳ್ಳೆಯ ಪಟ್ಟಿ ಸಿಗಲ್ಲ. ಪರಿಚಯದವರ ಹೋಂಸ್ಟೇ ರಿಜಿಸ್ಟರ್‌ನಿಂದ ಐಡಿ ಎತ್ತಿಕೊಳ್ಳೋಣ ಅನ್ನಿಸಬಹುದು, ಬೇಡ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಮುಖ್ಯವಾಗಿ ಒಪ್ಪಿಗೆಯ ಮೇಲೆ ನಿಂತಿದೆ. ಕಾನೂನು ಹಾಗಿರಲಿ, ಕೇಳದವರಿಗೆ ಕಳಿಸಿದರೆ ಸ್ಪ್ಯಾಮ್ ಬಟನ್ ಒತ್ತುತ್ತಾರೆ. 2024ರ ಫೆಬ್ರವರಿಯಿಂದ ಗೂಗಲ್ ಹೇಳುವ ಮಿತಿ ನೂರಕ್ಕೆ 0.3, ಅಂದರೆ ಸ್ಪ್ಯಾಮ್ ದೂರು ಸಾವಿರ ಮೇಲ್‌ಗೆ ಮೂರನ್ನು ಮುಟ್ಟಬಾರದು.

ಮುಂದೆ ಸ್ವಂತ ಡೊಮೈನ್ (ಇಂಟರ್ನೆಟ್‌ನಲ್ಲಿ ನಿಮ್ಮದೇ ಹೆಸರಿನ ವಿಳಾಸ) ತಗೊಂಡರೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಅನ್ನೋ ಮೂರು ದಾಖಲೆ ಹಾಕಿಸಿ. ಮೇಲ್ ನಿಜವಾಗಿ ನಿಮ್ಮಿಂದಲೇ ಬಂದಿದೆ ಅಂತ ಅವು ಸಾಕ್ಷಿ ಹೇಳುತ್ತವೆ. ಡೊಮೈನ್ ಮಾರುವವರ ಸಹಾಯದ ಪುಟದಲ್ಲಿ ಹೇಗೆ ಅಂತ ಇರುತ್ತೆ.

ಎಷ್ಟು ಜನ ಮೇಲ್ ತೆರೆದರು ಅನ್ನೋ ಅಂಕಿ ನೋಡಿ ಹಿಗ್ಗಬೇಡಿ. 2021ರಿಂದ ಆಪಲ್‌ನ ಮೇಲ್ ಆ್ಯಪ್ ಗಿರಾಕಿ ಓದದಿದ್ದರೂ ತೆರೆದ ಹಾಗೆ ತೋರಿಸಬಹುದು. ಉತ್ತರ ಬರೆದವರು ಎಷ್ಟು, ಎರಡನೇ ಸಲ ತರಿಸಿಕೊಂಡವರು ಎಷ್ಟು, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಬಗ್ಗೆ ಆ ನೋಟ್‌ಬುಕ್‌ನಲ್ಲಿ ಹೆಸರುಗಳಿಗೆ ಜಾಗ ಸಾಲದೇ ಹೋದಾಗ ಯೋಚಿಸಿ.